ಮೂಗು ಹಿಡಿದ ಕೈ

ಹೋದ ವರ್ಷ ಒಂದು ತರಬೇತ್ಯಾಗ ನನ್ನ ಎಬ್ಬಿಸಿ ನಿಲ್ಲಿಸಿದ್ರು. ಹೊಸದಾಗಿ ನೌಕರಿಗೆ ಸೇರಿದ ಹುಡುಗ ಹುಡುಗ್ಯಾರು ಮುಂದ ಕುಂತಿದ್ರು. ಜಾಣ ಮಕ್ಕಳಿಗೆ ಹೆಂಗ ಹುರುಪು ತುಂಬಬೇಕು, ಜಾಣರಲ್ಲದವರಿಗೆ ಹೆಂಗ ತುಂಬಬೇಕು ಅಂತ ನಾ ಅವರಿಗೆ ಹೇಳಬೇಕಂತ. "ಮೇಡಂ, ನೀವು ಪ್ರಾಥಮಿಕ ಸಾಲ್ಯಾಗ ಹಣ್ಣಾದವರು, ಹೇಳ್ರಿ" ಅಂದ್ರು. ಹೇಳಿದೆ. ಕತಿ ಹೇಳ್ರಿ, ಚಿತ್ರ ತಗಸ್ರಿ, ಗುಂಪು ಮಾಡ್ರಿ, ಹೆಸರು ಹಿಡದು ಕರೀರಿ, ಎಲ್ಲಾ ಹೇಳಿದೆ. ಚಪ್ಪಾಳಿ ಬಿತ್ತು, ಚಾ ಬಂತು. ಹೇಳಬೇಕಾದ್ದು ಮಾತ್ರ ಗಂಟಲದಾಗ ಉಳೀತು. ಬಾಯಿಲೆ ಹೇಳಾಕ ಆಗದ್ದು ಬರದ್ರ ಹೊರಗ ಬಂದೀತು ಅಂತ ಇವತ್ತು ಕುಂತೀನಿ.

ನಮ್ಮೂರು ಕುಂದಗೋಳ ತಾಲೂಕಿನಾಗ ಬರತೈತಿ. ಸಂಶಿಗೆ ಕಾಲಿಲೆ ನಡದ್ರ ಒಂದು ತಾಸು. ಎರಿ ಹೊಲ, ಹತ್ತಿ, ಮೆಣಸಿನಕಾಯಿ, ದೂರದಾಗ ರೈಲಿನ ಹಳಿ. ಎಂಬತ್ತರ ದಶಕ ಆಗಷ್ಟ ಶುರು ಆಗಿತ್ತು. ಸಾಲಿ ಅಂದ್ರ ಎರಡು ಖೋಲಿ. ಒಂದರಾಗ ಸಣ್ಣವರು, ಇನ್ನೊಂದರಾಗ ಮೂರನೇತ್ತಾ, ನಾಲ್ಕನೇತ್ತಾ ಕೂಡಿ ಕೂಡತಿದ್ವಿ. ನಾಲ್ಕನೇತ್ತಾದಾಗ ನಾವು ಅಕ್ಕ ತಂಗಿ ಇಬ್ಬರೂ ಇದ್ವಿ. ಅಕ್ಕ ನನಗಿಂತ ಎರಡು ವರ್ಷ ದೊಡ್ಡಾಕಿ. ಎರಡನೇತ್ತಾದಾಗ ಒಮ್ಮೆ ನಪಾಸು, ನಾಲ್ಕನೇತ್ತಾದಾಗ ಒಮ್ಮೆ ನಪಾಸು. ಹಂಗಾಗಿ ನಾ ಹಿಂದಿಂದ ಬಂದು ಆಕೀನ್ನ ಮುಟ್ಟಿದ್ದೆ.

ಮೂಗು ಹಿಡಿಯೂದು ಅಂದ್ರ ಏನು ಅಂತ ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಗೊತ್ತಾಗೂದೂ ಬ್ಯಾಡ. ಮಾಸ್ತರು ಒಂದು ಪ್ರಶ್ನಿ ಕೇಳತಿದ್ರು. ಸಾಲು ಹಿಡದು ಒಬ್ಬೊಬ್ಬರನ್ನ ಎಬ್ಬಿಸತಿದ್ರು. ಉತ್ತರಾ ಬರದವರು ನಿಂತ ಇರಬೇಕು. ಬಂದವರು ಉತ್ತರಾ ಹೇಳಿ, ನಿಂತವರ ಮುಂದ ಹೋಗಿ, ಎಡಗೈಲೆ ಅವರ ಮೂಗು ಗಟ್ಟ್ಯಾಗಿ ಹಿಡದು, ಬಲಗೈಲೆ ಕಪಾಳಕ್ಕ ಹೊಡೀಬೇಕು. ಹೊಡೆತ ಬರೂದು ಕಂಡು ಅವರು ಮಾರಿ ಹೊಳ್ಳಸಬಾರದು, ಅದಕ್ಕ ಮೂಗು ಹಿಡಿಯೂದು. ನಮ್ಮ ಸಾಲ್ಯಾಗ ಅಷ್ಟ ಅಲ್ಲ, ಸುತ್ತ ಹತ್ತೂರಾಗ ಇದ ಇತ್ತು. ಅದನ್ನ ಯಾರೂ ಹೊಡೆತ ಅಂತಿದ್ದಿಲ್ಲ. ನಮ್ಮ ಮಾಸ್ತರು ಅದಕ್ಕ ಹುರುಪು ಅಂತಿದ್ರು.

"ಮಾಸ್ತರ ಹೊಡದ್ರ ಮೈಗೆ ನೋವು. ಜೋಡಿ ಹುಡುಗ ಹೊಡದ್ರ ಮನಸಿಗೆ ನಾಚಿಕಿ. ನಾಚಿಕಿ ಹತ್ತಿದ್ರನ ಹುರುಪು ಬರತೈತ್ರಿ" ಅಂತ ಕಟ್ಟಿ ಮ್ಯಾಲ ಕುಂತ ಹಿರೇರಿಗೆ ಹೇಳತಿದ್ರು. ಹಿರೇರು ಹೌದ್ರಿ ಹೌದ್ರಿ ಅಂತ ತಲಿ ಹಾಕತಿದ್ರು.

ಮಾಸ್ತರು ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಸಂಶಿಯಿಂದ ಸೈಕಲ್ ಮ್ಯಾಲ ಬರತಿದ್ರು. ಬಿಳಿ ಅಂಗಿ, ಬಿಳಿ ಧೋತ್ರ, ಚೈನಿಗೆ ಸಿಗಬಾರದಂತ ಬಲಗಾಲಿಗೊಂದು ಕ್ಲಿಪ್ಪು. ಮಳಿ ಬರಲಿ ಹಳ್ಳ ಬರಲಿ ರಜಾ ಹಾಕಿದವರಲ್ಲ. ಹೆಣ್ಣಹುಡುಗ್ಯಾರಿಗೆ ಲೆಕ್ಕ ಬರತೈತಿ ಅಂತ ನಮ್ಮೂರಾಗ ಮೊದಲ ಅಂದವರು ಅವರ. ನನ್ನ ತಲಿ ಮ್ಯಾಲ ಕೈ ಇಟ್ಟು, "ಈಕಿ ಅಗದಿ ಶ್ಯಾಣ್ಯಾಕಿ, ಈಕೀನ್ನ ಬಿಡಸಬ್ಯಾಡ್ರಿ" ಅಂತ ಅಪ್ಪಗ ಹೇಳಿದವರೂ ಅವರ. ಆ ಮಾತಿನ ಋಣದಾಗ ನಾ ಇವತ್ತಿಗೂ ಅನ್ನಾ ಉಣ್ಣಾಕತ್ತೀನಿ.

ಖೋಲ್ಯಾಗ ಅವರು ನಮ್ಮನ್ನ ಜ್ವಾಳ ಹಸನ ಮಾಡಿದಂಗ ಬ್ಯಾರೆ ಬ್ಯಾರೆ ಮಾಡಿದ್ರು. ಬಾಗಲದ ಬೆಳಕು ಬೀಳೂ ಕಡೆ ಶ್ಯಾಣ್ಯಾರ ಸಾಲು. ಅಲ್ಲಿ ಮೊದಲನೇ ಜಾಗಾ ನಂದು, ಖಡುವಿನ ಡಬ್ಬಿ ನನ್ನ ತೊಡಿ ಮ್ಯಾಲ. ಮಾಸ್ತರಿಗೆ ಬೋರ್ಡಿನ ಮ್ಯಾಲ ಬರಿಯಾಕ ಖಡು ಬೇಕಂದ್ರ ನನ್ನ ಕಡೆ ಕೈ ಚಾಚಬೇಕು, ಅದರ ಸೊಕ್ಕು ಬ್ಯಾರೆ. ಹಿಂದ ಗ್ವಾಡಿಗೆ ಉಪ್ಪಿಟ್ಟಿನ ರವಾ ಚೀಲ ಒಟ್ಟಿರತಿದ್ವು. ಆ ಚೀಲಕ್ಕ ಬೆನ್ನು ಹಚ್ಚಿ ದಡ್ಡರು ಕೂಡಬೇಕು. ಚೀಲದ ಸಾಲು ಅಂತಿದ್ವಿ. ಒಮ್ಮೆ ಚೀಲದ ಸಾಲಿಗೆ ಹ್ವಾದವರು ಹೊಳ್ಳಿ ಮುಂದ ಬಂದದ್ದು ನಾ ನೋಡಿಲ್ಲ. ಅಕ್ಕ ಅಲ್ಲಿ ಕೂಡತಿದ್ಲು.

ಸುಳ್ಳ್ಯಾಕ ಹೇಳಲಿ, ಮೂಗು ಹಿಡಿಯೂದು ನನಗ ಸೇರತಿತ್ತು. ಯಾರ ಮನಿ ಮುಂದ ಹೋಗೂಮುಂದ ನಮ್ಮಪ್ಪ ಚಪ್ಪಲಿ ಕೈಯಾಗ ಹಿಡಕೊಳ್ಳತಿದ್ನೋ, ಆ ಮನಿ ಹುಡುಗನ ಮೂಗು ನನ್ನ ಎರಡು ಬೆರಳಿನಾಗ ಇರತಿತ್ತು. ಹೊಡದು ಬಂದು ಬೆರಳು ಪರಕರಕ್ಕ ಒರಸಿಕೊಂಡು ಕೂಡತಿದ್ದೆ. ಮಾಸ್ತರು ಭೇಷ್ ಅಂತಿದ್ರು. ಒಂಬತ್ತು ವರ್ಷದ ಪೋರಿಗೆ ಇನ್ನೇನು ಬೇಕು?

ಅಕ್ಕನ್ನ ಮಾತ್ರ ಬಿಟ್ಟು ಬಿಡತಿದ್ದೆ. ಆಕಿ ಮುಂದ ಹೋಗಿ, ಮೂಗಿಗೆ ಬೆರಳು ಮುಟ್ಟಿಸಿ, ಕಪಾಳ ಸವರಿದಂಗ ಮಾಡಿ ಬರತಿದ್ದೆ. ಒಂದು ವಾರ ನಡೀತು. ಆಮ್ಯಾಲ ಮಾಸ್ತರು ಕಂಡರು.

"ಅಕ್ಕ ಅಂತ ಬಿಟ್ಟಿ ಏನ ಬೇ?" ಅಂದ್ರು. ಅವರು ಅಕ್ಕನ್ನ ಕರದ್ರು. "ಈಕಿ ನಿನಗ ಹೊಡಿಯಂಗಿಲ್ಲಂತ, ನೀನ ಈಕಿಗೆ ಹೊಡಿ" ಅಂದ್ರು. ಅಕ್ಕ ನನ್ನ ಮಾರಿ ನೋಡಿದ್ಲು, ಕೈ ಎತ್ತಿದ್ಲು, ನನ್ನ ಹಣಿ ಮ್ಯಾಲ ಹಾರಿ ಬಂದ ಕೂದಲಾ ಸರಿಸಿ ಕೈ ಇಳಿಸಿದ್ಲು. ಹುಡುಗ್ರು ನಕ್ಕರು. ಮಾಸ್ತರು ಹತ್ರ ಬಂದ್ರು. "ಹೊಡಿಯೂದು ಹಿಂಗ" ಅಂತ ನನ್ನ ಮೂಗು ಹಿಡದು ಒಂದು ಕೊಟ್ಟರು. ಕಿವ್ಯಾಗ ಗುಂಯ್ ಅಂತು. ಆ ಸದ್ದು ಸಂಜಿ ತನಕ ಹೋಗಲಿಲ್ಲ. ಆ ಗುಂಯ್ ಸದ್ದಿನಿಂದ ನಾ ಏನಾರ ತಿಳಕೋಬೇಕಿತ್ತು. ತಿಳಕೊಂಡದ್ದು ಒಂದ: ನಾಳಿಂದ ಗಟ್ಟಿ ಹೊಡೀಬೇಕು.

ಮರುದಿವಸದಿಂದ ಗಟ್ಟಿ ಹೊಡದೆ. ದಿನಾ ಒಮ್ಮೆ, ಒಂದೊಂದು ದಿನ ಎರಡು ಸಲ. ಬಗ್ಗಿದವಗ ಒಂದು ಗುದ್ದು ಹೆಚ್ಚು ಅಂತಾರಲ್ಲ, ಹಂಗ. ಆಕಿ ಮೂಗು ಹಿಡೀಲಿ ಅಂತ ತಾನ ಮಾರಿ ಮುಂದ ಮಾಡತಿದ್ಲು. ಮಾಸ್ತರು ನನಗ ಮತ್ತ ಹೊಡದಾರು ಅಂತ ಆಕಿಗೆ ಚಿಂತಿ.

ಸಾಲಿ ಬಿಟ್ಟ ಮ್ಯಾಲ ಇಬ್ಬರೂ ಕೈ ಹಿಡಕೊಂಡ ಮನಿಗೆ ಬರತಿದ್ವಿ. ಅದೂ ಖರೆ.

ಅಕ್ಕ ದಡ್ಡಿ ಅಂತ ಊರ ಅಂತಿತ್ತು. ಆದ್ರ ಆಕಿ ಅಕ್ಷರಾ ನೋಡಬೇಕಿತ್ತು ನೀವು. ಪಾಟಿ ಮ್ಯಾಲ ಬರದ್ಲಂದ್ರ ಅಳಸಾಕ ಮನಸ್ಸು ಬರತಿದ್ದಿಲ್ಲ. ಬೋರ್ಡಿನ ಮ್ಯಾಲ ಇದ್ದದ್ದು ಒಂದು ಚುಕ್ಕಿ ತಪ್ಪದಂಗ ಇಳಿಸಿಕೊಳ್ಳತಿದ್ಲು. ಬಾಯಿಲೆ ಕೇಳಿದ್ದಕ್ಕ ಮಾತ್ರ ಉತ್ತರಾ ಇಲ್ಲ. ಮಾಸ್ತರ ಲೆಕ್ಕದಾಗ ಬಾಯಿಲೆ ಹೇಳಿದ್ದಷ್ಟ ವಿದ್ಯಾ. ಸಣ್ಣಾಕಿ ಇದ್ದಾಗಿಂದ ಆಕಿ ಬಲಗಿವಿ ಸೋರತಿತ್ತು. ಅವ್ವ ಬಳ್ಳೊಳ್ಳಿ ಕಾಸಿದ ಎಣ್ಣಿ ಬಿಟ್ಟು ಹತ್ತಿ ಅಳ್ಳಿ ಇಡತಿದ್ಲು. ಅರ್ಧಕ್ಕರ್ಧ ಮಕ್ಕಳ ಕಿವಿ ಸೋರತಿದ್ವು ಆಗ, ಅದನ್ನ ಯಾರು ದೊಡ್ಡದು ಮಾಡತಿದ್ರು? ಬಲಗಿವಿ ಹಾಳಾಗಿದ್ದಕ್ಕ ಆಕಿ ಎಡಗಿವಿ ಮ್ಯಾಲ ಬದುಕಿದ್ಲು ಅಂತ ನಮಗ ಯಾರಿಗೂ ಹೊಳೀಲಿಲ್ಲ.

ಎಡಗೈಲೆ ಮೂಗು ಹಿಡದು ಬಲಗೈಲೆ ಹೊಡದ್ರ ಹೊಡೆತ ಬೀಳೂದು ಎದುರಿನವರ ಎಡಗಪಾಳಕ್ಕ. ಎಡಗಿವಿ ಬುಡಕ್ಕ.

ದೀಪಾವಳಿ ಹೊತ್ತಿಗೆ ಆಕಿ ಎಡಗಿವಿನೂ ಸೋರಾಕ ಹತ್ತಿತು. ತಲಿದಿಂಬಿನ ಮ್ಯಾಲ ಮುಂಜಾನೆ ಒಂದು ಹಸಿ ಕಲಿ ಇರತಿತ್ತು. "ಥಂಡಿ ಆಗೇತಿ" ಅಂದ್ಲು ಅವ್ವ. ಎರಡೂ ಕಿವ್ಯಾಗ ಅಳ್ಳಿ ಇಟ್ಲು. ಅಕ್ಕ ಅಳ್ಳಿ ಇಟ್ಟಕೊಂಡ ಸಾಲಿಗೆ ಬಂದ್ಲು. ನಾ ಅಳ್ಳಿ ನೋಡಿದೆ. ನೋಡಿನೂ ಹೊಡದೆ. ಅವತ್ತು ಆಕಿ "ಹ್ಞಾಂ" ಅಂತ ಸಣ್ಣಗ ಒಂದು ಸದ್ದು ಮಾಡಿದ್ಲು, ಅದಕ್ಕ ಮೊದಲು ಎಂದೂ ಮಾಡಿದಾಕಿ ಅಲ್ಲ.

ಸಂಕ್ರಾಂತಿ ಮುಗಿದ ಮ್ಯಾಲ ಒಂದು ದಿವಸ ಸ್ವಾದರಮಾವ ಬಂದ. ಅವ್ವನ ತಮ್ಮ. ಎತ್ತಿನ ವ್ಯಾಪಾರಕ್ಕ ಬಂದಾಂವ ಉಂಡು ಹೋಗೂಮುಂದ ಅಕ್ಕನ್ನ ಮ್ಯಾಲಿಂದ ಕೆಳಗ ಒಮ್ಮೆ ನೋಡಿ, "ಈಕೀನ್ನ ಇನ್ನೂ ಸಾಲಿಗೆ ಕಳಸ್ತೀರೇನು?" ಅಂದ. ಅಂದದ್ದು ಅಷ್ಟ. ಅವ ಹ್ವಾದ ಮ್ಯಾಲ ಅಪ್ಪ ಭಾಳ ಹೊತ್ತು ಎಲಿ ಅಡಕಿ ಅಗದು, ಆಮ್ಯಾಲ ಅವ್ವಗ ಹೇಳಿದ:

"ಮುಂದಿನ ತಿಂಗಳ ಸಾಹೇಬ್ರು ಸಾಲಿ ನೋಡಾಕ ಬರತಾರಂತ. ಮಾಸ್ತರು ನನ್ನನ್ನೂ ಕರದಾರ. ಅವರ ಮುಂದ ಈಕಿ ಒಂದ ಒಂದು ಉತ್ತರಾ ಹೇಳಲಿ, ಐದನೇತ್ತಾಕ ಸಂಶಿಗೆ ತಂಗಿ ಜೋಡಿ ಕಳಸ್ತೀನಿ. ಹೇಳಲಿಲ್ಲಂದ್ರ ಸಾಲಿ ಸಾಕು. ಈ ವರ್ಷ ಹತ್ತಿ ಬಿಡಸಲಿ. ಆಮ್ಯಾಲ ನಿನ್ನ ತಮ್ಮಗ ಕೊಡೂಣು."

ಅಕ್ಕ ಒಲಿ ಮುಂದ ಕುಂತು ಅಪ್ಪನ ಬಾಯಿ ನೋಡಾಕತ್ತಿದ್ಲು. ಆಮ್ಯಾಲ ನನ್ನ ಹಿತ್ತಲಕ್ಕ ಕರಕೊಂಡು ಹೋಗಿ, "ಲೇ, ನನಗ ಮಗ್ಗಿ ಕಲಸ ಬೇ. ಸಂಶಿ ಸಾಲ್ಯಾಗ ಪೆನ್ನಿಲೆ ಬರಸ್ತಾರಂತ. ನಾ ಪೆನ್ನಿಲೆ ಬರೀಬೇಕು" ಅಂದ್ಲು. ನನ್ನ ಹತ್ರ ಏನನ್ನೂ ಬೇಡಿದಾಕಿ ಅಲ್ಲ ಆಕಿ. ಅದೊಂದ ಬೇಡಿದ್ದು.

ಸಾಹೇಬ್ರು ಬಂದ್ರ ಹದಿಮೂರರ ಮಗ್ಗಿ ಕೇಳೇ ಕೇಳತಾರ ಅಂತ ಮಾಸ್ತರು ಹೇಳಿದ್ರು, ಹ್ವಾದ ಸಲ ಅದನ್ನ ಕೇಳಿದ್ರಂತ. ನಾ ಹದಿಮೂರರ ಮಗ್ಗಿ ಹಿಡದೆ. ರವಿವಾರ ಮೆಣಸಿನಕಾಯಿ ಹರಿಯಾಕ ಹ್ವಾದಾಗ ಆಕಿ ಒಂದು ಸಾಲು, ನಾ ಬಾಜೂ ಸಾಲು. ನಾ ಹೇಳೂದು, ಆಕಿ ಅನ್ನೂದು. ಮೊದಲ ಎರಡು ರವಿವಾರ ಒಂದಕ್ಷರ ಹತ್ತಲಿಲ್ಲ. ನನಗ ಸಿಟ್ಟು ನೆತ್ತಿಗೇರಿತು. "ಕೋಣನ ಮುಂದ ಕಿನ್ನರಿ ಬಾರಿಸಿದಂಗ ಆತು ನೋಡು" ಅಂತ ಅವ್ವ ಅನ್ನೂ ಮಾತ ಅಂದೆ. ಆಕಿ ಬುಟ್ಟಿ ಕೆಳಗಿಟ್ಟು, ನನ್ನ ಎದುರಿಗೆ ಬಂದು ಕುಂತು, ನನ್ನ ಗದ್ದ ಹಿಡದು ಮಾರಿ ತನ್ನ ಕಡೆ ಹೊಳ್ಳಿಸಿಕೊಂಡ್ಲು. "ಹಿಂಗ ಹೇಳು" ಅಂದ್ಲು. ನಾ ಹೇಳಿದೆ. ನನ್ನ ತುಟಿ ನೋಡಕೋತ ಹದಿಮೂರ ಒಂದಲೆ ಇಂದ ಹದಿಮೂರ ಹತ್ತಲೆ ತನಕ ಒಂದ ಮಧ್ಯಾಹ್ನದಾಗ ಕಲತು ಬಿಟ್ಲು.

ನನಗ ಖುಷಿ ಆಗಬೇಕಿತ್ತು. ಆಗಲಿಲ್ಲ. ಆಕಿ ಕಣ್ಣು ನನ್ನ ತುಟಿ ಬಿಟ್ಟು ಅಲುಗಾಡಿದ್ದಿಲ್ಲ.

ನಮ್ಮ ಹೊಲದ ಬದುವಿಗೆ ನಿಂತ್ರ ರೈಲಿನ ಹಳಿ ಕಾಣತಿತ್ತು. ಎಡಗಿವಿ ಹಳಿ ಕಡೆ ಹೊಳ್ಳಿಸಿ, ಎಲ್ಲಾರಿಗಿಂತ ಮೊದಲ ಗಾಡಿ ಸದ್ದು ಹಿಡದು "ಗಾಡಿ ಬಂತು" ಅನ್ನೂದು ಅಕ್ಕನ ಹಕ್ಕು, ಮೊದಲಿಂದೂ. ನಮಗ ಏನೂ ಕೇಳಸತಿದ್ದಿಲ್ಲ, ಆಕಿ ಅಂತಿದ್ಲು, ಆಮ್ಯಾಲ ಕೇಳಸತಿತ್ತು. ಆ ರವಿವಾರ ಮಧ್ಯಾಹ್ನದ ಗಾಡಿ ಬಂತು. ಸೀಟಿ ಹೊಡೀತು. ಬದುವಿನ ಮ್ಯಾಲ ಕುಂತಿದ್ದ ಹಕ್ಕಿ ಎಲ್ಲಾ ಎದ್ದು ಹಾರಿದ್ವು. ಅಕ್ಕ ಹಳಿಗೆ ಬೆನ್ನು ಮಾಡಿ ಮೆಣಸಿನಕಾಯಿ ಹರಿಯಾಕತ್ತಿದ್ಲು. ಕೈ ನಿಲ್ಲಲಿಲ್ಲ, ತಲಿ ಎತ್ತಲಿಲ್ಲ. ಗಾಡಿ ಹೋತು. ನಾ ಆಕಿ ಹಿಂದ ಹೋಗಿ ನಿಂತು, "ಅಕ್ಕಾ" ಅಂದೆ. ಇನ್ನೊಮ್ಮೆ ಅಂದೆ. ಒದರಿದೆ. ನಾಕು ಸಾಲು ಆಚೆ ಇದ್ದ ಅವ್ವ "ಯಾಕ ಬೇ, ಹಾವ ಗೀವ ಬಂತೇನ?" ಅಂತ ಕೇಳಿದ್ಲು. ಅಕ್ಕ ಮಾತ್ರ ಹೊಳ್ಳಿ ನೋಡಲಿಲ್ಲ.

"ಏನಿಲ್ಲವ್ವ" ಅಂದೆ.

ನನ್ನ ಬಲಗೈ ನೋಡಿಕೊಂಡೆ. ಮೆಣಸಿನಕಾಯಿ ಖಾರ ಹತ್ತಿ ಉರಿಯಾಕತ್ತಿತ್ತು. ಅವತ್ತಿಗೆ ನನಗ ಎಲ್ಲಾ ಗೊತ್ತಾತು. ಒಂಬತ್ತು ವರ್ಷದ ಹುಡುಗಿಗೆ ಏನು ತಿಳೀತೈತಿ ಅಂತ ನೀವು ಅಂದೀರಿ. ತಿಳೀತೈತ್ರಿ. ಹೇಳಿದ್ರ ಅಪ್ಪ ಕೇಳತಾನ, ಯಾವಾಗಿಂದ ಹಿಂಗಾತು ಅಂತ. ಯಾರು ಹೊಡದ್ರು ಅಂತ. ಅಷ್ಟೂ ತಿಳೀತು. ಹೇಳಲಿಲ್ಲ. ಬಸವಣ್ಣನ ಗುಡಿಗೆ ಒಂದು ಕಾಯಿ ಒಡಸ್ತೀನಿ, ಆಕಿ ಕಿವಿ ಕೇಳೂಹಂಗ ಮಾಡು ಅಂತ ಬೇಡಿಕೊಂಡು ಸುಮ್ಮನಾದೆ. ಸಾಲ್ಯಾಗ ಕಪಾಳ ಬಿಟ್ಟು ಕುತ್ತಿಗಿ ಹತ್ರ ಹೊಡಿಯಾಕ ಹತ್ತಿದೆ. ಸದ್ದು ಬರತಿತ್ತು, ಮಾಸ್ತರು ಗುರುತು ಹಿಡೀಲಿಲ್ಲ.

ಸಾಹೇಬ್ರು ಬರೂದಕ್ಕ ನಾಕು ದಿವಸ ಮುಂಚೆ ಮಾಸ್ತರು ನಮಗ ಕೈ ಎತ್ತೂದು ಕಲಿಸಿದ್ರು. "ಸಾಹೇಬ್ರು ಏನ ಕೇಳಲಿ, ಎಲ್ಲಾರೂ ಕೈ ಎತ್ತಬೇಕು. ಬರತೈತಿ ಅಂದವರು ಬಲಗೈ, ಬರಂಗಿಲ್ಲ ಅಂದವರು ಎಡಗೈ. ಅವರಿಗೆ ಕೈ ಅಷ್ಟ ಕಾಣತಾವು. ಯಾರನ್ನ ಎಬ್ಬಸಬೇಕು ಅಂತ ನಾ ನೋಡಕೋತೀನಿ. ಚೀಲದ ಸಾಲಿನವರು ಬಲಗೈ ಎತ್ತೀರಿ, ನೋಡ್ರಿ ಮತ್ತ." ನಾಕು ದಿನ ಅದ ತಾಲೀಮು. ಅಕ್ಕ ಬಾಜೂದವರನ್ನ ನೋಡಿ ನೋಡಿ ಎಡಗೈ ಎತ್ತತಿದ್ಲು. ಮನಿಗೆ ಬರೂಮುಂದ ನಾ ಆಕಿ ಎದುರಿಗೆ ನಿಂತು ಹೇಳಿದೆ: "ಅವತ್ತು ಹದಿಮೂರರ ಮಗ್ಗಿ ಅಂದ್ರ ನೀ ಬಲಗೈ ಎತ್ತು. ಮಾಸ್ತರು ಏನರ ಅಂದಕೊಳ್ಳಲಿ." ಆಕಿ ನನ್ನ ಬಾಯಿ ನೋಡಿ ತಲಿ ಹಾಕಿದ್ಲು.

ಆ ದಿವಸ ಗಾಳಿ ಇದ್ದಿಲ್ಲ. ಎರಿ ನೆಲ ಬಿರುಕು ಬಿಟ್ಟಿತ್ತು. ಮುಂಜಾನೆ ಮಾಸ್ತರು ಬೋರ್ಡಿನ ಮ್ಯಾಲ ಸುಸ್ವಾಗತ ಬರಿಯಾಕ ಅಕ್ಕನ್ನ ಕರದ್ರು, ಯಾಕಂದ್ರ ಅಂಥಾ ಅಕ್ಷರಾ ಅವರಿಗೂ ಬರತಿದ್ದಿಲ್ಲ. ಬಣ್ಣದ ಖಡುವಿಲೆ ಬಳ್ಳಿ ತಗದು, ಹೂ ತಗದು ಬರದ್ಲು. ಬರದು ಚೀಲದ ಹತ್ರ ಹೋಗಿ ಕುಂತ್ಲು. ಫಟಫಟಿ ಮ್ಯಾಲ ಸಾಹೇಬ್ರು ಬಂದ್ರು. ದಪ್ಪ ಚಷ್ಮಾ, ಕೈಯಾಗ ಚರ್ಮದ ಚೀಲ. ಬಾಗಲದಾಗ ಸಾಲಿ ಕಮಿಟಿ ಮಂದಿ ನಿಂತಿದ್ರು. ಸಾಹೇಬ್ರ ಚಾಕ್ಕ ಹಾಲು ತಂದಿದ್ದ ಅಪ್ಪನೂ ಗಿಂಡಿ ಹಿಡಕೊಂಡು ಅವರ ಹಿಂದ ನಿಂತಿದ್ದ.

"ಅಬ್ಬಾ, ಎಂಥಾ ಅಕ್ಷರ! ಯಾರು ಬರೆದದ್ದು?" ಅಂದ್ರು ಸಾಹೇಬ್ರು.

ಮಾಸ್ತರು ಒಂದು ಗಳಿಗಿ ಹಿಂದ ನೋಡಿದ್ರು, ಮುಂದ ನೋಡಿದ್ರು. ನನ್ನ ತಲಿ ಮ್ಯಾಲ ಕೈ ಇಟ್ಟರು. "ಈಕೀನ್ರಿ. ನಮ್ಮ ಮೊದಲನೇ ನಂಬರಿನಾಕಿ."

ಹೌದು ಅಂತ ನಾ ಅನ್ನಲಿಲ್ಲ, ಅಲ್ಲ ಅಂತನೂ ಅನ್ನಲಿಲ್ಲ. ಸಾಹೇಬ್ರು ನನ್ನ ಗಲ್ಲಾ ತಟ್ಟಿದ್ರು.

ಆಮ್ಯಾಲ ಅವರು ನಮ್ಮ ಕಡೆ ಮಾರಿ ಮಾಡಿ ನಿಂತು, "ಹದಿಮೂರರ ಮಗ್ಗಿ ಯಾರಿಗೆ ಬರುತ್ತೆ?" ಅಂದ್ರು. ಅಷ್ಟೂ ಕೈ ಮ್ಯಾಲ ಹ್ವಾದ್ವು. ನಾ ಹೊಳ್ಳಿ ನೋಡಿದೆ. ಚೀಲದ ಸಾಲಿನಾಗ ಎಲ್ಲಾ ಎಡಗೈ, ನಡುವ ಒಂದ ಬಲಗೈ. ಅಕ್ಕಂದು. ಕೈ ಅಗದಿ ನೆಟ್ಟಗ ಇತ್ತು, ಬಳಿ ಮೊಳಕೈ ತನಕ ಜಾರಿದ್ವು. ಮಾಸ್ತರ ಮಾರಿ ಬಿಳಚಿಕೊಂಡಿತು. "ಏಳು" ಅಂತ ನನ್ನ ಕಡೆ ಸನ್ನಿ ಮಾಡಿದ್ರು. ಆದ್ರ ಸಾಹೇಬ್ರ ಬೆರಳು ಆಗಲೇ ಹಿಂದಕ್ಕ ಹೋಗಿತ್ತು. "ಆ ಚೀಲದ ಹತ್ತಿರ ಇರೋ ಹುಡುಗಿ ಏಳಲಿ."

ಅಕ್ಕ ಎದ್ಲು. ಬಾಗಲದಾಗ ಅಪ್ಪ ಒಂದು ಹೆಜ್ಜಿ ಮುಂದ ಬಂದ.

ಸಾಹೇಬ್ರು ಕೈ ಹಿಂದ ಕಟ್ಟಿಕೊಂಡು ಕಿಡಕಿ ಕಡೆ ಹೊಳ್ಳಿದ್ರು. ಅಲ್ಲಿ ಗ್ವಾಡಿಗೆ ಒಂದು ನಕಾಶೆ ಇತ್ತು, ಅದನ್ನ ನೋಡಕೋತ, ನಮಗ ಬೆನ್ನು ಮಾಡಿ ಕೇಳಿದ್ರು: "ಹದಿಮೂರ ಏಳಲೆ ಎಷ್ಟು?"

ಅಕ್ಕ ಅವರ ಬೆನ್ನು ನೋಡಕೋತ ನಿಂತ್ಲು. ಇವರು ಯಾವಾಗ ಹೊಳ್ಳತಾರ, ಯಾವಾಗ ಕೇಳತಾರ ಅಂತ ಕಾಯಕೋತ ನಿಂತಿದ್ಲು. ಕೇಳಿ ಆಗೇತಿ ಅಂತ ಆಕಿಗೆ ಗೊತ್ತಿಲ್ಲ. ಮಾರಿ ಮ್ಯಾಲ ಅಂಜಿಕಿ ಇದ್ದಿಲ್ಲ, ಅದನ್ನ ನಾ ಇವತ್ತಿಗೂ ಮರೀವಲ್ಲೆ. ಆಮ್ಯಾಲ ಮಂದಿ ತನ್ನ ನೋಡಾಕತ್ತಾರ ಅಂತ ಆಕಿಗೆ ಅನಿಸಿತು. ನನ್ನ ಕಡೆ ನೋಡಿದ್ಲು. ಏನು, ಅಂತ ಹುಬ್ಬಿಲೆ ಕೇಳಿದ್ಲು.

ನಾ ಮಾಡಬೇಕಾದ್ದು ಇಷ್ಟ ಇತ್ತು. ಆಕಿ ಕಡೆ ಮಾರಿ ಮಾಡಿ, ಸದ್ದಿಲ್ಲದ ತುಟಿಯಷ್ಟ ಆಡಿಸಿ, ಪ್ರಶ್ನಿ ಹೇಳಬೇಕಿತ್ತು. ಉತ್ತರಾ ಅಲ್ಲ, ಪ್ರಶ್ನಿ. ಮೂರು ಶಬ್ದ.

ಸಾಹೇಬ್ರು ಹೊಳ್ಳಿದ್ರು. "ಬರಲ್ವಾ? ಬೇರೆ ಯಾರು ಹೇಳ್ತೀರಿ?" ಅಂದ್ರು. ಅನ್ನೂದರಾಗ ನಾ ಎದ್ದು ನಿಂತಾಗಿತ್ತು. ಯಾರು ಎಬ್ಬಿಸಿದ್ರು ನನ್ನ? ಯಾರೂ ಎಬ್ಬಿಸಿರಲಿಲ್ಲ. "ತೊಂಬತ್ತೊಂದು, ಸರ!" ಅಂತ ನನ್ನ ಬಾಯಿ ಒದರಿತು.

"ಶಾಬ್ಬಾಸ್" ಅಂದ್ರು ಸಾಹೇಬ್ರು.

ಮಾಸ್ತರಿಗೆ ಜೀವ ಬಂತು. "ನಮ್ಮಲ್ಲಿ ಶ್ಯಾಣ್ಯಾರ ಕಡಿಂದನ ದಡ್ಡರಿಗೆ ಹುರುಪು ತುಂಬಸ್ತೀವ್ರಿ ಸಾಹೇಬ್ರ" ಅಂತ ನಕ್ಕು, "ಹೋಗವಾ, ತೋರಸು" ಅಂದ್ರು ನನಗ. ಸಾಹೇಬ್ರೂ ನಕ್ಕರು. ತಾವು ಸಣ್ಣವರಿದ್ದಾಗ ಹೊಡಸಿಕೊಂಡದ್ದು ನೆನಪಾತೇನೋ. ಬ್ಯಾಡ ಅನ್ನಲಿಲ್ಲ.

ಅಕ್ಕನ ಹತ್ರ ಹೋಗೂತನಕ ಕುತ್ತಿಗಿಗೆ ಹೊಡೀಬೇಕು ಅಂತನ ಇತ್ತು. ಆದ್ರ ಎದುರಿಗೆ ನಿಂತಾಗ ನನಗ ಸಿಟ್ಟು ಬಂತು. ಥೂ ಇವಳ, ಇಷ್ಟು ರವಿವಾರ ಕಲಿಸಿದ್ದೆಲ್ಲಾ ಹೊಳ್ಯಾಗ ಹುಣಸಿಹಣ್ಣು ತೊಳದಂಗ ಮಾಡಿದ್ಲಲ್ಲ ಅಂತ. ಕೇಳಸಂಗಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೂ ಸಿಟ್ಟು ಬಂತು. ಆಕಿ ತಾನ ಮಾರಿ ಮುಂದ ಮಾಡಿದ್ಲು. ಮೂಗು ಹಿಡದೆ. ಸಾಹೇಬ್ರು ನೋಡಾಕತ್ತಿದ್ರು. ಕೈಯಾಗ ಎಷ್ಟು ಶಕ್ತಿ ಇತ್ತೋ ಅಷ್ಟೂ ಹಾಕಿ ಹೊಡದೆ.

ಆಕಿ ಅಳಲಿಲ್ಲ. ಎಡಗಿವಿಗೆ ಕೈ ಒತ್ತಿ ಹಿಡದು ಹಂಗ ಕುಂತ್ಲು. ಸ್ವಲ್ಪ ಹೊತ್ತಿಗೆ ಕೈ ತಗದು ಬೆರಳು ನೋಡಿಕೊಂಡ್ಲು. ಬೆರಳಿಗೆ ಕೆಂಪಗ ಹತ್ತಿತ್ತು. ಯಾರೂ ನೋಡಬಾರದಂತ ಪರಕರದ ಅಂಚಿಗೆ ಒರಸಿಕೊಂಡ್ಲು. ನಾ ನೋಡಿದೆ. ಬಾಗಲದ ಕಡೆ ಹೊಳ್ಳಿದ್ರ ಅಪ್ಪ ಇದ್ದಿಲ್ಲ. ಹಾಲಿನ ಗಿಂಡಿ ಹೊಸ್ತಿಲದ ಮ್ಯಾಲ ಇಟ್ಟು ಹೋಗಿದ್ದ.

ಸಾಹೇಬ್ರು ಸಾಲಿಗೆ ಒಳ್ಳೇದ ಬರದು ಹ್ವಾದ್ರು ಅಂತ ಕೇಳಿದೆ.

ಮುಂದಿಂದು ಇಲ್ಲೇ ಹೇಳಿ ಬಿಡತೀನಿ, ಕಡೀಕ ಹೇಳಾಕ ನನ್ನ ಕಡಿಂದ ಆಗಂಗಿಲ್ಲ. ನಾ ಸಂಶಿಗೆ ಹ್ವಾದೆ, ಅಲ್ಲಿಂದ ಕುಂದಗೋಳಕ್ಕ, ಟ್ರೇನಿಂಗ್ ಮುಗಿಸಿ ಮಾಸ್ತರಕಿಗೆ ಬಂದೆ. ಅಕ್ಕ ಹತ್ತಿ ಬಿಡಿಸಿದ್ಲು, ಮೈ ನೆರತ ವರ್ಷಕ್ಕ ಮಾವನ ಮನಿ ಸೇರಿದ್ಲು. ಮೂರು ಮಕ್ಕಳಾದ್ವು. ತೊಟ್ಟಿಲದಾಗ ಕೂಸು ಅತ್ತದ್ದು ಗೊತ್ತಾಗಲಿ ಅಂತ ತೊಟ್ಟಿಲಕ್ಕ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿ ತನ್ನ ಕಾಲ್ಬೆರಳಿಗೆ ಕಟ್ಟಿಕೊಂಡ ಮಲಗತಿದ್ಲು. ಹುಬ್ಬಳ್ಳಿ ಡಾಕ್ಟರಿಗೆ ನಾನ ಒಮ್ಮೆ ತೋರಿಸಿದೆ. ಎಡಗಿವಿ ಪರದಿ ಹರದು ಭಾಳ ವರ್ಷ ಆಗೇತಿ, ಪೆಟ್ಟು ಬಿದ್ದಿತ್ತೇನು ಅಂತ ಅವರು ಕೇಳಿದ್ರು. ಆ ಪ್ರಶ್ನಿ ನಾ ಆಕಿಗೆ ತುಟಿ ಆಡಿಸಿ ಹೇಳಿದೆ. ಆಕಿ ಡಾಕ್ಟರ ಕಡೆ ನೋಡಿ, "ಸಣ್ಣಾಕಿದ್ದಾಗ ಎತ್ತಿನ ಗ್ವಾದ್ಲಿಗೆ ತಲಿ ಬಡಕೊಂಡಿದ್ದೆರಿ" ಅಂದ್ಲು. ನನ್ನ ಕಡೆ ನೋಡಲಿಲ್ಲ.

ಮೂಗು ಹಿಡಿಯೂದನ್ನ ನಾ ನನ್ನ ಖೋಲ್ಯಾಗ ಎಂದೂ ಮಾಡಸಲಿಲ್ಲ. ಅದೇನು ದೊಡ್ಡ ಪುಣ್ಯೇದ ಕೆಲಸಲ್ಲ. ಹೊಸ ಹುಡುಗ ಬಂದ್ರ ಹಿಂದ ನಾ ನಿಂತು ಸಣ್ಣಗ ಹೆಸರು ಕರದು ನೋಡತೀನಿ, ಹೊಳ್ಳತಾನೋ ಇಲ್ಲೋ ಅಂತ. ತರಬೇತ್ಯಾಗ ಇದೊಂದರ ಹೇಳಬಹುದಿತ್ತು. ಯಾಕ ಹಂಗ ಮಾಡತೀರಿ ಮೇಡಂ ಅಂತ ಯಾರರ ಕೇಳಿದ್ರ ಏನು ಹೇಳಲಿ ಅಂತ ಬಿಟ್ಟೆ.

ಆ ದಿವಸದ ಸಂಜಿ ಒಂದು ಉಳದೈತಿ.

ಸಾಲಿ ಬಿಟ್ಟು ಮನಿಗೆ ಬಂದ್ವಿ, ಅವತ್ತು ಕೈ ಹಿಡಕೊಂಡಿದ್ದಿಲ್ಲ. ಅಪ್ಪ ಹೊರಗ ಕಟ್ಟಿ ಮ್ಯಾಲ ಕುಂತಿದ್ದ. ಅಕ್ಕನ ಪಾಟಿ ಕೈಯಿಂದ ಇಸಕೊಂಡು ಜಂತಿ ಸಂದ್ಯಾಗ ಇಟ್ಟ. ಅಕ್ಕ ಜಂತಿ ಕಡೆ ನೋಡಿದ್ಲು, ಹಿತ್ತಲಕ್ಕ ಹೋಗಿ ಬೂದಿ ಹಚ್ಚಿ ಭಾಂಡೆ ತಿಕ್ಕಾಕ ಕುಂತ್ಲು. ಕಿವ್ಯಾಗಿನ ಅಳ್ಳಿ ಹೊಸಾದು, ಆಗಲೇ ತೊಯ್ದಿತ್ತು. ನಾ ಆಕಿ ಎದುರಿಗೆ ಹೋಗಿ ಕುಂತೆ. ಬೈತಾಳ, ಹೊಡೀತಾಳ, ಹೊಡದ್ರ ಹೊಡೀಲಿ ಅಂತನ ಹೋಗಿದ್ದೆ.

ಆಕಿ ತಲಿ ಎತ್ತಿ, "ಸಾಹೇಬ್ರು ಏನು ಕೇಳಿದ್ರು ಬೇ?" ಅಂದ್ಲು.

ಆಕಿಗೆ ಅದೂ ಗೊತ್ತಿದ್ದಿಲ್ಲ. ಯಾವ ಪ್ರಶ್ನಿಗೆ ಹೊಡಸಿಕೊಂಡೆ ಅನ್ನೂದೂ ಗೊತ್ತಿದ್ದಿಲ್ಲ. ನಾ ತುಟಿ ಬಿಡಿಸಿ, ಒಂದೊಂದ ಶಬ್ದ ಮಾಡಿ ಹೇಳಿದೆ. "ಹದಿಮೂರ. ಏಳಲೆ. ಎಷ್ಟು."

"ತೊಂಬತ್ತೊಂದು" ಅಂದ್ಲು ಆಕಿ. ಕಣ್ಣು ಪಿಳಕಿಸೂದರಾಗ ಅಂದ್ಲು. ಅಂದು ಮಾರಿ ಅರಳಿತು. "ಅಯ್ಯ, ಅಷ್ಟನ? ಬರತಿತ್ತಲ್ಲ ಬೇ ನನಗ! ಹೋಗು, ಅಪ್ಪಗ ಹೇಳು. ನನಗ ಬರತಿತ್ತು, ಕೇಳಸಲಿಲ್ಲ ಅಷ್ಟ ಅಂತ ಹೇಳು. ನಾ ಹೇಳಿದ್ರ ಸುಳ್ಳು ಅಂತಾನ. ನೀ ಹೇಳಿದ್ರ ನಂಬತಾನ, ನೀ ಶ್ಯಾಣ್ಯಾಕಿ." ಬೂದಿ ಕೈಲೆ ನನ್ನ ಬೆನ್ನು ತಳ್ಳಿ ಕಳಿಸಿದ್ಲು. ನಾ ಕಟ್ಟಿಗೆ ಹೋಗೂದನ್ನ ಬಾಗಲದಾಗಿಂದ ನೋಡಾಕ ಎದ್ದು ಬಂದು ನಿಂತ್ಲು.

ಹ್ವಾದೆ. ಅಪ್ಪನ ಮುಂದ ನಿಂತೆ. ಅಕ್ಕ ಬಾಗಲದಾಗ ನಿಂತು ನನ್ನ ಬೆನ್ನು ನೋಡಾಕತ್ತಿದ್ಲು, ನನ್ನ ತುಟಿ ಆಕಿಗೆ ಕಾಣತಿದ್ದಿಲ್ಲ.

"ಏನ ಬೇ?" ಅಂದ ಅಪ್ಪ.

"ಏನಿಲ್ಲಪ್ಪ" ಅಂದೆ. "ಅವ್ವ ಊಟಕ್ಕ ಕರದಾಳ."